ಜಪಾನಜ್ಜಿಯ ತವುಡು

ಕುವೈಟಿನ ಫರ್ವಾನಿಯಾದ ಆ ನಾಲ್ಕು ಮಾಳಿಗೆಯ ಕಟ್ಟಡದಲ್ಲಿ ಚಂಪಾಳನ್ನು ಮೊದಲ ಸಲ ನೋಡಿದ ಯಾರೂ ಅವಳೊಡನೆ ತುಳುವಿನಲ್ಲಾಗಲಿ ಕನ್ನಡದಲ್ಲಾಗಲಿ ಮಾತಾಡಿದ್ದಿಲ್ಲ. ಕೆಳಗಿನ ಅಂಗಡಿಯ ಮುತ್ತಲಿಬ್ ಬ್ಯಾರಿಯಂತೂ ಆರು ತಿಂಗಳು ಅವಳಿಗೆ ಇಂಗ್ಲಿಷಿನಲ್ಲೇ ಈರುಳ್ಳಿ ಕೊಟ್ಟ. ಸಣ್ಣ ಕಣ್ಣು, ಅಗಲ ಕೆನ್ನೆ, ನೆಟ್ಟಗಿನ ಕೂದಲು. ಯಾರೋ ಫಿಲಿಪಿನೋ ಹೆಂಗಸು ಶೋಕಿಗೆ ಸೀರೆ ಉಟ್ಟಿದ್ದಾಳೆ ಎಂದೇ ಅವನ ಎಣಿಕೆ. ಒಂದು ದಿನ ಕೊಳೆತ ಟೊಮೆಟೊ ಹಾಕಿದ್ದಕ್ಕೆ ಅವಳು ಅಪ್ಪಟ ತುಳುವಿನಲ್ಲಿ ಅವನ ಜನ್ಮ ಜಾಲಾಡಿದಳು. ಬೈಸಿಕೊಂಡು ಅಷ್ಟು ಸಂತೋಷಪಟ್ಟ ಮನುಷ್ಯನನ್ನು ಆ ಓಣಿ ಕಂಡಿರಲಿಲ್ಲ. ಅಂದಿನಿಂದ ಅವಳು ಎಲ್ಲರಿಗೂ ಚಂಪಕ್ಕ.

"ಈ ಮುಖ ಎಲ್ಲಿಂದ ಬಂತು ಚಂಪಕ್ಕ?" ಎಂದು ಕೇಳಿದರೆ ಅವಳದ್ದು ಒಂದೇ ಉತ್ತರ. "ನನ್ನ ಅಜ್ಜಿ ಜಪಾನಿನವರು." ಕೇಳಿದವರು ನಗುತ್ತಿದ್ದರು. ಅವಳೂ ಜೊತೆಗೆ ನಗುತ್ತಿದ್ದಳು.

ಅದು ತಮಾಷೆಯಾಗಿರಲಿಲ್ಲ. ಚಂಪಾಳ ತಾಯಿಯ ತಂದೆ ದೂಮಪ್ಪ ತುಳುವರ ಕಡಲ ತಡಿಯ ಊರಾದ ಹೆಜಮಾಡಿಯವನು. ಮುಂಬಯಿಯಿಂದ ಸಿಂಗಾಪುರಕ್ಕೆ ಹೋಗುವ ಹಡಗಿನಲ್ಲಿ ಬಾಯ್ಲರಿಗೆ ಕಲ್ಲಿದ್ದಲು ತುಂಬುವ ಕೆಲಸ. ಸಾವಿರದ ಒಂಬೈನೂರ ಇಪ್ಪತ್ತೆರಡರಲ್ಲೋ ಇಪ್ಪತ್ತಮೂರರಲ್ಲೋ ಅವನು ಊರಿಗೆ ಬಂದಾಗ ಹಿಂದೆ ಒಬ್ಬಳು ಹೆಂಗಸಿದ್ದಳು, ಅವಳ ಕಂಕುಳಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಒಂದು ಮಣ್ಣಿನ ಪಾತ್ರೆ. ಸಿಂಗಾಪುರದಲ್ಲಿ ಯಾವುದೋ ಮನೆಯಲ್ಲಿ ಕೆಲಸಕ್ಕಿದ್ದಳು ಎಂದ. ಯಾವ ಮನೆ, ಎಂಥ ಕೆಲಸ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅತ್ತೆ ಅವಳಿಗೆ ಅಕ್ಕು ಎಂದು ಹೆಸರಿಟ್ಟಳು, ಸೀರೆ ಉಡಿಸಿದಳು, ಮೀನಿನ ಸಾರಿಗೆ ಎಷ್ಟು ಹುಳಿ ಎಂದು ಕಲಿಸಿದಳು. ಮೊದಲಿನ ಹೆಸರೇನು, ಊರು ಯಾವುದು ಎಂದು ಕೇಳಿಟ್ಟುಕೊಳ್ಳುವ ಬುದ್ಧಿ ಮಾತ್ರ ಆ ಮನೆಯಲ್ಲಿ ಒಬ್ಬರಿಗೂ ಬರಲಿಲ್ಲ. ನಲವತ್ತೈದು ವರ್ಷ ಅವರ ಅಂಗಳ ಗುಡಿಸಿದವಳ ಹೆಸರು ಕೇಳದೆ ಉಳಿದವರಿಗೆ ಏನೆನ್ನೋಣ.

ಆ ಪಾತ್ರೆಯಲ್ಲಿದ್ದದ್ದು ತವುಡು. ಹುರಿದ ಅಕ್ಕಿ ತವುಡಿಗೆ ಉಪ್ಪುನೀರು, ಒಣಮೆಣಸು ಹಾಕಿ ಹುಳಿ ಬರಿಸಿದ ಹದವಾದ ಮುದ್ದೆ. ಅದರಲ್ಲಿ ಸೌತೆಯನ್ನೋ ಮೂಲಂಗಿಯನ್ನೋ ಹುಗಿದಿಟ್ಟು ಮರುದಿನ ತೆಗೆದು ತೊಳೆದು ಹೆಚ್ಚಿದರೆ ಗಂಜಿಗೆ ಬೇರೇನೂ ಬೇಡ. ಹೆಜಮಾಡಿಗೆ ಬಂದ ಮೇಲೆ ಅಜ್ಜಿ ಅದಕ್ಕೆ ಮೀನಿನ ಸಾರಿಗೆ ಹಾಕುವ, ನಾಲಿಗೆ ಜುಮ್ಮೆನ್ನಿಸುವ ಜುಮ್ಮನಕಾಯಿಯನ್ನೂ ಸೇರಿಸಿದಳು. ಕೊಂಕಣಿಯವರ ಮನೆಯಲ್ಲಿ ಅದರ ಘಾಟು ಮೂಗಿಗೆ ಬಡಿದ ದಿನ ಅವಳು ಅಂಗಳದಲ್ಲೇ ನಿಂತು ಅತ್ತಿದ್ದಳಂತೆ. ಏಕೆ ಎಂದು ಯಾರಿಗೂ ತಿಳಿಯಲಿಲ್ಲ. ತವುಡಿಗೆ ದಿನಾ ಕೈ ಹಾಕಿ ತಿರುವಬೇಕು, ಬರಿಗೈಯಲ್ಲೇ. ಎರಡು ದಿನ ಬಿಟ್ಟರೆ ಬೂಸಲು ಹಿಡಿದು ಸತ್ತುಹೋಗುತ್ತದೆ. ದನಕ್ಕೆ ಹಾಕುವುದನ್ನು ಮನುಷ್ಯರು ತಿನ್ನುವುದೇ ಎಂದು ಊರು ನಕ್ಕಿತು. ಅಜ್ಜಿ ತಿರುವುತ್ತಲೇ ಇದ್ದಳು. ಮಗಳ ಮದುವೆಯಲ್ಲಿ ಅದರಿಂದ ಎರಡು ಹಿಡಿ ತೆಗೆದು ಕೊಟ್ಟಳು. ಆ ಮಗಳು ತನ್ನ ಮಗಳಾದ ಚಂಪಾಳಿಗೆ ಕೊಟ್ಟಳು. ಕ್ರಮ ಒಂದೇ: ಮಗಳಿಗೆ ಕೊಡಬೇಕು, ಮಗಳಿಗೆ ಮಾತ್ರ ಕೊಡಬೇಕು.

ಈ ಹಟ ಯಾಕೆಂದು ಚಂಪಾಳಿಗೆ ತಿಳಿದದ್ದು ತನ್ನ ಮದುವೆಯ ಮಾತುಕತೆಯಲ್ಲಿ. ತುಳುವರಲ್ಲಿ ಬಳಿ ಎಂಬುದುಂಟು. ಗೋತ್ರದ ಹಾಗೆ, ಆದರೆ ಬರುವುದು ತಾಯಿಯಿಂದ. ತಾಯಿ ಕರ್ಕೇರ ಆದರೆ ಮಕ್ಕಳೂ ಕರ್ಕೇರ, ಸಾಲ್ಯಾನ್ ಆದರೆ ಸಾಲ್ಯಾನ್. ಅಜ್ಜಿಗೆ ಬಳಿ ಇರಲಿಲ್ಲ, ಆದ್ದರಿಂದ ಅಮ್ಮನಿಗಿಲ್ಲ, ಆದ್ದರಿಂದ ಚಂಪಾಳಿಗಿಲ್ಲ. ಬಳಿಯ ಬದಲು ಮಗಳಿಗೆ ದಾಟಿಸಲು ಅಜ್ಜಿಯ ಹತ್ತಿರ ಇದ್ದದ್ದು ಆ ತವುಡೊಂದೇ. "ಹುಡುಗಿಯ ಬಳಿ ಯಾವುದು?" ಎಂಬಲ್ಲಿಗೆ ಬಂದು ಎರಡು ಸಂಬಂಧ ಮುರಿದವು. ಮೂರನೆಯವನು ಸೇಸಪ್ಪ, ಮುಂಬಯಿಯ ಹೋಟೆಲಿನಲ್ಲಿ ಬಟ್ಟೆ ಒಗೆಸುವ ಕೆಲಸದವನು. "ಬಳಿ ಇಲ್ಲದಿದ್ರೆ ಒಳ್ಳೇದೇ ಆಯ್ತಲ್ಲ, ಇಬ್ಬರದ್ದೂ ಒಂದೇ ಆಗುವ ಹೆದರಿಕೆ ಇಲ್ಲ," ಎಂದು ತಾಂಬೂಲ ತೆಗೆದುಕೊಂಡ. ಒಳ್ಳೆಯ ಮನುಷ್ಯ. ಆದರೆ ಹಾಸ್ಯ ಮಾಡಿ ಮುಗಿಸುವ ವಿಷಯ ಅದಾಗಿರಲಿಲ್ಲ. ನಮ್ಮವರ ಕೂಟಗಳಲ್ಲಿ ಎಲ್ಲರೂ ಹೆಸರಿನ ಮುಂದೆ ಬಂಗೇರ, ಪುತ್ರನ್, ಕುಂದರ್ ಎಂದು ಬಳಿ ಬರೆಸುವಾಗ ಚಂಪಾ ತನ್ನ ಹೆಸರು ಬರೆದು ಪೆನ್ನು ಕೆಳಗಿಡುತ್ತಿದ್ದಳು. ಮಗಳು ಅಕ್ಷಿತಾಳದ್ದೂ ಹಾಗೆಯೇ ಆಗುವುದು ಅವಳಿಗೆ ನುಂಗಲಾರದ ತುತ್ತಾಗಿತ್ತು. ಅಜ್ಜಿ ಎಲ್ಲಿಯವಳೆಂದು ಒಂದು ಸಲ ಗೊತ್ತಾದರೆ ಸಾಕು, ನಾವೂ ಒಂದು ಕಡೆಯವರು ಎಂದು ಹೇಳಬಹುದು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಕುವೈಟಿಗೆ ಬಂದು ಎಂಟು ವರ್ಷವಾಗಿತ್ತು. ಸೇಸಪ್ಪ ಹೋಟೆಲೊಂದರ ಲಾಂಡ್ರಿಯಲ್ಲಿ ಸೂಪರ್‌ವೈಸರ್, ಚಂಪಾ ಮನೆಯಲ್ಲೇ ಹೆಂಗಸರ ಬಟ್ಟೆ ಹೊಲಿಯುತ್ತಿದ್ದಳು. ಅಡುಗೆಮನೆಯ ಮೂಲೆಯಲ್ಲಿ ಅಜ್ಜಿಯ ತವುಡಿನ ಭರಣಿ. ಊರಿಗೆ ಹೋದವರೆಲ್ಲ ಬರುವಾಗ ಬಂಗಾರದಂತೆ ಬಚ್ಚಿಟ್ಟು ಒಂದು ಕಿಲೋ ತವುಡು ತಂದುಕೊಡಬೇಕು. ಏರ್‌ಪೋರ್ಟಿನಲ್ಲಿ ಆ ಪುಡಿಯನ್ನು ಮೂಸಿ ನೋಡಿದ ಅಧಿಕಾರಿಗೆ ಅದು ಏನೆಂದು ವಿವರಿಸುವಷ್ಟರಲ್ಲಿ ತಂದವರ ಬೆವರಿಳಿಯುತ್ತಿತ್ತು. ಹನ್ನೆರಡು ವರ್ಷದ ಅಕ್ಷಿತಾಳಿಗೆ ಭರಣಿ ಎಂದರೆ ಆಗದು. "ಮಮ್ಮಿ, ಮೈ ಫ್ರೆಂಡ್ಸ್ ಆರ್ ಕಮಿಂಗ್. ಪ್ಲೀಸ್, ಅದನ್ನು ಬಾಲ್ಕನಿಗೆ."

ತೊಂಬತ್ತನೇ ಇಸವಿಯ ಏಪ್ರಿಲ್‌ನಲ್ಲಿ ಪಕ್ಕದ ಮನೆಯ ನರ್ಸ್ ಬೆನೆಡಿಕ್ಟಾ ತನ್ನ ಕ್ಲಿನಿಕ್ಕಿಗೆ ಬರುತ್ತಿದ್ದ ಜಪಾನಿ ಹೆಂಗಸೊಬ್ಬರನ್ನು ಬ್ಲೌಸ್ ಹೊಲಿಸಲು ಕರೆತಂದಳು. ಹತ್ತಿರದ ರಿಗ್ಗೈಯಲ್ಲಿ ಮನೆ, ಗಂಡ ಜಪಾನಿ ಕಂಪನಿಯೊಂದರ ಇಂಜಿನಿಯರ್, ಮನೆತನದ ಹೆಸರು ಇನೂಕೈ. ಚಂಪಾ ಆಗಷ್ಟೇ ತವುಡು ತಿರುವಿ ಕೈ ತೊಳೆದು ಬಂದಿದ್ದಳು. ಟೇಪು ಹಿಡಿದು ಭುಜದ ಅಳತೆ ತೆಗೆಯುವಾಗ ಮೇಡಂ ಅವಳ ಕೈಯತ್ತ ಮುಖ ತಿರುಗಿಸಿ ಮೂಸಿದರು. ಚಂಪಾಳಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. "ಸಾರಿ ಮೇಡಂ," ಎಂದು ಕೈ ಹಿಂದಕ್ಕೆಳೆದುಕೊಂಡಳು. ಮೇಡಂ ಕೇಳಿಸಿಕೊಳ್ಳಲೇ ಇಲ್ಲ. ವಾಸನೆಯ ಜಾಡು ಹಿಡಿದು ನೇರವಾಗಿ ಅಡುಗೆಮನೆಗೆ ನಡೆದರು, ಭರಣಿಯ ಮುಂದೆ ಮಂಡಿಯೂರಿ ಕೂತರು, ಮುಚ್ಚಳ ತೆಗೆಯಲೇ ಎಂದು ಕಣ್ಣಲ್ಲೇ ಕೇಳಿದರು.

ಚಂಪಾ ಒಂದು ಸೌತೆ ತೆಗೆದು ತೊಳೆದು ಹೆಚ್ಚಿಕೊಟ್ಟಳು. ಮೇಡಂ ಒಂದು ಹೋಳು ತಿಂದರು, ಇನ್ನೊಂದು ತಿಂದರು, ಆಮೇಲೆ ಕರ್ಚೀಫು ತೆಗೆದು ಕಣ್ಣೊರೆಸಿಕೊಂಡರು. ತನ್ನ ತಾಯಿ ಸತ್ತ ಮೇಲೆ ಇದನ್ನು ತಿಂದಿರಲಿಲ್ಲ ಎಂದರು. ಮೇಡಂದು ಅರ್ಧ ಇಂಗ್ಲಿಷು, ಚಂಪಾಳದ್ದು ಕಾಲು. ಉಳಿದದ್ದನ್ನು ಬೆನೆಡಿಕ್ಟಾ ತುಂಬಿಸಿದಳು. ಅಜ್ಜಿಯ ಕಥೆ ಕೇಳಿದ ಮೇಡಂ ಚಂಪಾಳ ಮುಖವನ್ನು ಬಹಳ ಹೊತ್ತು ನೋಡಿದರು. ಮೊದಲ ಸಲ ಒಬ್ಬರು ನಗದೆ ನಂಬಿದ್ದರು.

ಮುಂದಿನ ತಿಂಗಳು ಮೇಡಂ ಮನೆಯಲ್ಲಿ ಜಪಾನಿ ಹೆಂಗಸರ ಚಹಾಕೂಟಕ್ಕೆ ಚಂಪಾಳಿಗೆ ಕರೆ ಬಂತು. ಅಲ್ಲಿ ಅವಳು ಮಾಡಿದ ತಪ್ಪನ್ನು ಹೆಜಮಾಡಿಯವರಲ್ಲದೆ ಬೇರಾರೂ ಮಾಡಲಾರರು. ನಾಲ್ಕು ಜನರ ಮುಂದಿಡುವಾಗ ಬೋಳು ಬೋಳಾಗಿ ಇಡುವುದು ಹೇಗೆ, ಮರ್ಯಾದೆ ಬೇಡವೇ ಎಂದು ಅಷ್ಟೂ ಉಪ್ಪಿನ ಸೌತೆಗೆ ತೆಂಗಿನೆಣ್ಣೆಯಲ್ಲಿ ಸಾಸಿವೆ, ಬೆಳ್ಳುಳ್ಳಿ, ಕರಿಬೇವು, ಕೆಂಪು ಮೆಣಸಿನ ಘಮಘಮ ಒಗ್ಗರಣೆ ಕೊಟ್ಟು ಸ್ಟೀಲಿನ ಡಬ್ಬಿಯಲ್ಲಿ ಒಯ್ದಳು. ಐದು ಹೆಂಗಸರು ತಲಾ ಒಂದು ಹೋಳು ಬಾಯಿಗಿಟ್ಟು ಬಹಳ ಮರ್ಯಾದೆಯಿಂದ ನೀರು ಕುಡಿದರು. ನಿಮ್ಮ ಅಜ್ಜಿಯ ಹೆಸರೇನು, ಯಾವ ಊರು ಎಂದು ಒಬ್ಬರು ಕೇಳಿದರು. ಗೊತ್ತಿಲ್ಲ ಎಂದಳು. ಓಹೋ ಎಂದು ತಲೆಯಾಡಿಸಿದರು. ಹೊರಡುವಾಗ ಅವಳಿಗೆ ಚಂದದ ಕಾಗದ ಸುತ್ತಿದ ಬಿಸ್ಕತ್ತಿನ ಪೊಟ್ಟಣ ಕೊಟ್ಟು, ಬಾಗಿ ಬಾಗಿ ಬೀಳ್ಕೊಟ್ಟರು. ಅತಿಥಿಯನ್ನು ಕಳಿಸುವ ರೀತಿ ಅದು, ಮನೆಯವಳನ್ನು ಕಳಿಸುವ ರೀತಿಯಲ್ಲ. ಇಷ್ಟು ತಿಳಿಯದಷ್ಟು ದಡ್ಡಿಯಲ್ಲ ಚಂಪಾ. ಮನೆಗೆ ಬಂದು ಪೊಟ್ಟಣ ಮೂಲೆಗಿಟ್ಟಳು.

"ಒಗ್ಗರಣೆ ಹಾಕಿ ಜಪಾನ್ ಗೆಲ್ಲಲಿಕ್ಕೆ ಹೋದದ್ದಾ ನೀನು?" ಎಂದ ಸೇಸಪ್ಪ.

"ಸುಮ್ಮನಿರಿ ನೀವು. ನನ್ನ ಹೊಟ್ಟೆ ಉರೀತದೆ ಇಲ್ಲಿ," ಎಂದಳು.

ಎರಡು ದಿನ ಕಳೆದು ಮಧ್ಯಾಹ್ನ ಊಟದ ಹೊತ್ತಿಗೆ ಮೇಡಂ ತಾವೇ ಬಂದರು, ಬೇಸರ ಮಾಡಿಕೊಳ್ಳಬೇಡಿ ಎಂದು ಹೇಳುವುದಕ್ಕೆ. ತಾಯಿ ಮಗಳು ಉಣ್ಣುತ್ತಿದ್ದರು. ತಟ್ಟೆಯಲ್ಲಿ ಬೂತಾಯಿ ಮೀನು, ಅಜ್ಜಿ ಮಾಡುತ್ತಿದ್ದ ಹಾಗೆ ಭರಣಿಯಿಂದ ಒಂದು ಹಿಡಿ ತವುಡು ಹಾಕಿ ಸಣ್ಣ ಉರಿಯಲ್ಲಿ ಬತ್ತಿಸಿದ್ದು. ಊರಿನಲ್ಲಿ ಈ ಅಡುಗೆಗೆ ಆದಷ್ಟು ಗೇಲಿ ಬೇರಾವುದಕ್ಕೂ ಆಗಿರಲಿಲ್ಲ. ಮೇಡಂ ತಟ್ಟೆ ನೋಡಿದರು, ಬೆರಳ ತುದಿಯಿಂದ ರುಚಿ ನೋಡಿದರು, ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಅವರು ಹೇಳಿದ್ದನ್ನು ಅಕ್ಷಿತಾ ತುಂಡು ತುಂಡಾಗಿ ಅಮ್ಮನಿಗೆ ಹೇಳಿದಳು. ಗಂಡನ ಮೊದಲ ಕೆಲಸ ಕೊಕುರಾ ಎಂಬ ಊರಿನಲ್ಲಂತೆ, ಮೂರು ವರ್ಷ ಇದ್ದರಂತೆ. ತವುಡಿನ ಉಪ್ಪಿನಕಾಯಿ ಜಪಾನಿನಲ್ಲಿ ಎಲ್ಲ ಕಡೆ ಉಂಟು, ಆದರೆ ಅದೇ ತವುಡು ಹಾಕಿ ಬೂತಾಯಿ ಬೇಯಿಸುವುದನ್ನು ಅವರು ಕಂಡದ್ದು ಕೊಕುರಾದಲ್ಲಿ ಮಾತ್ರ. ಅಲ್ಲಿಯವರು ತವುಡಿಗೆ ಒಂದು ಘಾಟಿನ ಕಾಯಿ ಹಾಕುತ್ತಾರಂತೆ, ನೋಡಲಿಕ್ಕೆ ಈ ಜುಮ್ಮನಕಾಯಿಯ ಹಾಗೆಯೇ.

ಚಂಪಾ ಎಂಜಲು ಕೈಯಲ್ಲೇ ಮಗಳ ಸ್ಕೂಲಿನ ಅಟ್ಲಾಸ್ ತರಿಸಿದಳು. ಅಕ್ಷಿತಾ ಹುಡುಕಿದಳು, ಮೇಡಂ ಬೆರಳಿಟ್ಟು ತೋರಿಸಿದರು. ಕಡಲ ಅಂಚಿನಲ್ಲಿ ಒಂದು ಚುಕ್ಕೆ. ಎಪ್ಪತ್ತು ವರ್ಷ ಯಾರೂ ಕೇಳದೆ ಬಿಟ್ಟ ಊರು ಮೀನಿನ ತಟ್ಟೆಯಲ್ಲಿ ಸಿಕ್ಕಿತ್ತು. ಆ ದಿನ ಅವಳಿಗಾದ ಸಂತೋಷಕ್ಕೆ ಮಿತಿಯಿರಲಿಲ್ಲ. ಸಂಜೆ ಸೇಸಪ್ಪ ಬಾಗಿಲು ತೆಗೆಯುವ ಮೊದಲೇ ಹೇಳಿ ಮುಗಿಸಿದ್ದಳು.

ಜೂನ್ ಕೊನೆಗೆ ಮೇಡಂ ರಜೆಯಲ್ಲಿ ಜಪಾನಿಗೆ ಹೊರಟರು. ಕೊಕುರಾಕ್ಕೆ ಹೋಗಿ ವಿಚಾರಿಸುತ್ತೇನೆ, ತೋರಿಸಲು ಒಂದು ಹಿಡಿ ತವುಡು ಕೊಡಿ ಎಂದರು. ಚಂಪಾಳಿಗೆ ಎರಡು ದಿನ ಊಟ ಸೇರಲಿಲ್ಲ. ಮಗಳಲ್ಲದವಳಿಗೆ ಕೊಡುವುದುಂಟೇ? ಕೊಡದಿದ್ದರೆ ಅಜ್ಜಿ ಎಂದೆಂದಿಗೂ ಊರಿಲ್ಲದವಳಾಗಿಯೇ ಉಳಿಯುತ್ತಾಳೆ. ಕೊನೆಗೆ ಕೊಟ್ಟಳು, ಒಂದು ಷರತ್ತಿನ ಮೇಲೆ. "ಅಕ್ಷಿತಾ, ಸರಿಯಾಗಿ ಹೇಳು ಅವರಿಗೆ. ಇದು ಮಗಳಿಗೆ ಮಾತ್ರ ಕೊಡುವಂಥದ್ದು. ನನ್ನ ಕೇಳದೆ ಬೇರೆ ಯಾರಿಗೂ ಒಂದು ಚಿಟಿಕೆ ಕೊಡಬಾರದು." ಮೇಡಂ ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಂಡು ತಲೆ ಬಾಗಿಸಿದರು.

ಆಗಸ್ಟ್ ಎರಡಕ್ಕೆ ಇರಾಕಿನ ಟ್ಯಾಂಕುಗಳು ಬಂದವು. ಮೇಡಂ ಜಪಾನಿನಲ್ಲೇ ಉಳಿದರು. ಅವರ ಗಂಡನನ್ನು ಉಳಿದ ಜಪಾನಿಗಳ ಜೊತೆ ಬಾಗ್ದಾದಿಗೆ ಒಯ್ದರೆಂದು ಬೆನೆಡಿಕ್ಟಾ ಸುದ್ದಿ ತಂದಳು. ಫರ್ವಾನಿಯಾದಲ್ಲಿ ತರಕಾರಿ ಎಂಬುದು ಕನಸಾಯಿತು. ಆಗ ನೋಡಿ, ಅದುವರೆಗೆ ಮೂಗು ಮುಚ್ಚಿಕೊಂಡವರೆಲ್ಲ ಚಂಪಕ್ಕನ ಬಾಗಿಲಿಗೆ ಬಂದರು. ಕಲ್ಲಂಗಡಿಯ ಸಿಪ್ಪೆ ಎಸೆಯದೆ ಅವಳು ಭರಣಿಗೆ ಹಾಕಿ ಹುಳಿ ಬರಿಸಿ ಮನೆಮನೆಗೆ ಹಂಚಿದಳು. ಗಂಜಿಗೆ ಅದೇ ಪಲ್ಯ, ಅದೇ ಉಪ್ಪಿನಕಾಯಿ. ಮುತ್ತಲಿಬ್ ಎರಡು ಸಲ ಕೇಳಿ ಹಾಕಿಸಿಕೊಂಡು, "ದನಗಳಿಗೆ ಇಷ್ಟು ರುಚಿಯದ್ದು ಕೊಡ್ತಿದ್ದೆವಾ ಚಂಪಕ್ಕ ನಾವು?" ಎಂದ.

ಸೆಪ್ಟೆಂಬರ್‌ನಲ್ಲಿ ಬಸ್ಸು ಸಿಕ್ಕಿತು. ಬಸ್ರಾ, ಬಾಗ್ದಾದ್, ಅಲ್ಲಿಂದ ಜೋರ್ಡಾನ್, ಅಲ್ಲಿಂದ ವಿಮಾನ. ತಲೆಗೆ ಒಂದು ಚೀಲ. ಐದು ಸೇರು ತೂಕದ ಭರಣಿ ಒಯ್ಯುವ ಮಾತೇ ಇಲ್ಲ. ಇಂಥ ಹೊತ್ತಿಗೆ ಅಮ್ಮ ಹೇಳಿಕೊಟ್ಟದ್ದೊಂದಿತ್ತು. ತಿರುವಲಾಗದಿದ್ದರೆ ಉಪ್ಪಿನಲ್ಲಿ ಮಲಗಿಸು ಎಂದು. ಚಂಪಾ ಮೂರು ಹಿಡಿ ತವುಡನ್ನು ಹಾಲಿನ ಪುಡಿಯ ಡಬ್ಬಿಗೆ ಒತ್ತಿ ತುಂಬಿ, ಮೇಲೆ ಎರಡು ಬೆರಳಷ್ಟು ದಪ್ಪ ಉಪ್ಪು ಹಾಕಿ ಮುಚ್ಚಿದಳು. ಅದಕ್ಕೆ ಜಾಗ ಮಾಡಲು ತನ್ನ ಎರಡು ರೇಷ್ಮೆ ಸೀರೆ ಹೊರಗಿಟ್ಟಳು.

"ಸೀರೆ ಬಿಟ್ಟು ತವುಡು ಹೊರುವ ಹೆಂಗಸು ಜಗತ್ತಿನಲ್ಲಿ ನೀನೊಬ್ಬಳೇ ಮಾರಾಯ್ತಿ," ಎಂದ ಸೇಸಪ್ಪ. ಹೇಳಿದನೇ ಹೊರತು ಚೀಲದ ಜಿಪ್ಪು ಹಾಕಿದವನೂ ಅವನೇ.

ದಾರಿಯಲ್ಲಿ ಒಬ್ಬ ಸೈನಿಕ ಡಬ್ಬಿ ತೆಗೆಸಿ ಮೂಗು ಹತ್ತಿರ ಒಯ್ದು, ಮುಖ ಹಿಂಡಿ, "ಯಲ್ಲಾ, ಯಲ್ಲಾ" ಎಂದು ಇಡೀ ಬಸ್ಸನ್ನೇ ಮುಂದೆ ಕಳಿಸಿದ. ಮರಳುಗಾಡಿನ ಶಿಬಿರದಲ್ಲಿ ಹನ್ನೊಂದು ದಿನ. ಡೇರೆಯೊಳಗೆ ಕೆಂಡದ ಸೆಕೆ. ಚಂಪಾ ಡಬ್ಬಿಯನ್ನು ಮರಳಿನಲ್ಲಿ ಮೊಳದಾಳ ಹುಗಿದು ಅದರ ಮೇಲೆ ತಲೆಯಿಟ್ಟು ಮಲಗಿದಳು. ಹೆಜಮಾಡಿ ಮುಟ್ಟಿ ಉಪ್ಪು ಕೆರೆದು ತೆಗೆದಾಗ ಅದಕ್ಕೆ ಜೀವವಿದ್ದ ಲಕ್ಷಣವೇ ಇರಲಿಲ್ಲ. ಮಿಲ್ಲಿನ ಹೊಸ ತವುಡು ಸೇರಿಸಿ ದಿನಾ ತಿರುವಿದಳು. ಎಂಟನೆಯ ದಿನ ಬೆಳಿಗ್ಗೆ ಆ ಹಳೆಯ ಹುಳಿ ವಾಸನೆ ಬಂತು. ಅವಳು ಅಡುಗೆಮನೆಯ ನೆಲದಲ್ಲಿ ಕೂತು ಅತ್ತಳು.

ಯುದ್ಧ ಮುಗಿದು, ತೊಂಬತ್ತೊಂದರ ಜುಲೈನಲ್ಲಿ ಸೇಸಪ್ಪ ಕೆಲಸಕ್ಕೆ ಮರಳಿದ. ಅಕ್ಟೋಬರ್‌ನಲ್ಲಿ ತಾಯಿ ಮಗಳು ಬಂದರು. ಅದೇ ಫ್ಲ್ಯಾಟ್, ಆದರೆ ಹೊಲಿಗೆ ಮಿಷಿನ್‌ನಿಂದ ಹಿಡಿದು ಬಾಗಿಲಿನ ಚಿಲಕದವರೆಗೆ ಯಾರೋ ಎತ್ತಿಕೊಂಡು ಹೋಗಿದ್ದರು. ಎಣ್ಣೆ ಬಾವಿಗಳ ಹೊಗೆಯಿಂದ ಹೊರಗೆ ಹಾಕಿದ ಬಟ್ಟೆಯೆಲ್ಲ ಕಪ್ಪು. ಊರಿನಿಂದ ಡಬ್ಬಿಯಲ್ಲಿ ತಂದ ತವುಡಿಗೆ ಚಂಪಾ ಹೊಸ ಭರಣಿ ಕೊಂಡಳು. ಮೇಡಂ ಈಗ ಎಲ್ಲಿದ್ದಾರೋ, ಕೊಕುರಾಕ್ಕೆ ಹೋದರೋ ಇಲ್ಲವೋ ಎಂದು ದಿನಾ ತಿರುವುವಾಗಲೆಲ್ಲ ಯೋಚಿಸುತ್ತಿದ್ದಳು.

ನವೆಂಬರಿನ ಒಂದು ಶುಕ್ರವಾರ ಬೆಳಿಗ್ಗೆ ಇನೂಕೈ ಸಾಹೇಬರು ಬಾಗಿಲು ತಟ್ಟಿದರು. ಬಾಗ್ದಾದಿನಿಂದ ಬಿಡುಗಡೆಯಾಗಿ ಊರಿಗೆ ಹೋಗಿದ್ದವರು ಕಂಪನಿಯ ಕೆಲಸಕ್ಕೆ ಒಬ್ಬರೇ ಮರಳಿದ್ದರು. ಹೆಂಡತಿ ಕೊಟ್ಟ ಪತ್ರ ಮುಂದಿಟ್ಟು ಸೋಫಾದ ತುದಿಯಲ್ಲಿ ಕೂತರು. ಪತ್ರ ಇಂಗ್ಲಿಷಿನಲ್ಲಿತ್ತು. ಅಕ್ಷಿತಾ ಒಂದೊಂದೇ ಸಾಲು ಮನಸ್ಸಿನಲ್ಲಿ ಓದಿಕೊಂಡು ಅಮ್ಮನಿಗೆ ಹೇಳತೊಡಗಿದಳು. ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಅಂದು ಮಾತು ಹುಡುಕಿ ಹುಡುಕಿ ಹೇಳಿದಳು.

"ಕೊಕುರಾಕ್ಕೆ ಹೋದೆ ಅಂತ ಬರ್ದಿದ್ದಾರೆ. ಆಫೀಸಿನಲ್ಲಿ ಕೇಳಿದ್ರಂತೆ, ದೇವಸ್ಥಾನದಲ್ಲಿ ಕೇಳಿದ್ರಂತೆ. ಹೆಸರಿಲ್ಲದೆ ಹುಡುಕ್ಲಿಕ್ಕೆ ಆಗುವುದಿಲ್ಲ ಹೇಳಿದ್ರಂತೆ. ಆ ಕಾಲದಲ್ಲಿ ಹಾಗೆ ಸಿಂಗಾಪುರದ ಕಡೆ ಹೋದ ಹುಡುಗಿಯರು ತುಂಬ ಜನ ಅಂತೆ." ಪುಟ ತಿರುಗಿಸಿದಳು. "ಅಲ್ಲಿ ಮಾರ್ಕೆಟಿನಲ್ಲಿ ತವುಡಿನ ಉಪ್ಪಿನಕಾಯಿ ಮಾರುವ ಒಬ್ಬರು ಅಜ್ಜಿ ಉಂಟಂತೆ, ಎಪ್ಪತ್ತನಾಲ್ಕು ವರ್ಷ. ಅವರಿಗೆ ತೋರಿಸಿದ್ರಂತೆ. ಮೂಸಿ ನೋಡಿದ್ರು, ತಿಂದು ನೋಡಿದ್ರು." ಅಲ್ಲಿಗೆ ನಿಲ್ಲಿಸಿದಳು.

"ಮತ್ತೆ ಎಂತ ಹೇಳಿದ್ರು?"

"ನಥಿಂಗ್, ಮಮ್ಮಿ. ಶಿ ಲೈಕ್ಡ್ ಇಟ್."

"ಸುಳ್ಳು ಹೇಳ್ಬೇಡ. ಇದ್ದದ್ದು ಹೇಳು."

ಅಕ್ಷಿತಾ ಅಪ್ಪನ ಮುಖ ನೋಡಿದಳು. "ಇದು ನಮ್ಮದಲ್ಲ ಅಂದ್ರಂತೆ."

ಚಂಪಾ ನೆಲ ನೋಡುತ್ತ ಕೂತಳು. ಒಂದೂವರೆ ವರ್ಷ ಹೊತ್ತ ಆಸೆ ಅದು. ಅಟ್ಲಾಸಿನ ಆ ಚುಕ್ಕೆಯನ್ನು ಅವಳು ಎಷ್ಟು ಸಲ ಮುಟ್ಟಿದ್ದಳೆಂದು ಅವಳಿಗೇ ಗೊತ್ತು. ಇಲ್ಲಿಯೂ ಅಲ್ಲ, ಅಲ್ಲಿಯೂ ಅಲ್ಲ.

"ಇನ್ನೂ ಉಂಟು," ಎಂದಳು ಅಕ್ಷಿತಾ, ಮೆಲ್ಲಗೆ. "ಶುರು ನಮ್ಮಲ್ಲೇ ಆಗಿರಬಹುದು ಅಂದ್ರಂತೆ. ಆದ್ರೆ ಘಾಟು ಬೇರೆ, ಉಪ್ಪು ಬೇರೆ, ತಿರುವಿದ ಕೈ ಬೇರೆ. ಎಪ್ಪತ್ತು ವರ್ಷ ಇದು ಸಾಯದೆ ಉಳಿದದ್ದು ದೊಡ್ಡ ಸಂಗತಿ. ಆ ಹುಡುಗಿ ಅಲ್ಲಿ ತನ್ನದೇ ಬೇರೆ ಮನೆ ಕಟ್ಟಿದ್ದಾಳೆ. ಇದು ಆ ಮನೆಯದ್ದು ಅಂದ್ರಂತೆ."

ಆ ಹುಡುಗಿ. ಅಜ್ಜಿಯನ್ನು ಹುಡುಗಿ ಎಂದು ಕರೆದವರು ಯಾರೂ ಇರಲಿಲ್ಲ. ಚಂಪಾ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು.

"ಮತ್ತೆ, ಆ ಅಜ್ಜಿ ಮೇಡಂ ಹತ್ತಿರ ಒಂದು ಹಿಡಿ ತವುಡು ಕೇಳಿದ್ರಂತೆ. ಮೇಡಂ ಅದನ್ನು ಈಗ್ಲೂ ದಿನಾ ತಿರುವಿ ಇಟ್ಟಿದ್ದಾರಂತೆ, ಆದ್ರೆ ಕೊಡ್ಲಿಲ್ಲ. ಮಗಳಿಗೆ ಮಾತ್ರ ಕೊಡುವ ಕ್ರಮ, ನಾನು ಮಾತು ಕೊಟ್ಟಿದ್ದೇನೆ ಅಂದ್ರಂತೆ. ಅದಕ್ಕೆ ಆ ಅಜ್ಜಿ ಸ್ವಲ್ಪ ಆಲೋಚನೆ ಮಾಡಿ, ಹಾಗಾದ್ರೆ ನಾನು ಮಗಳೇ ಆಗ್ತೇನೆ, ಅವರನ್ನು ಕೇಳಿ ನೋಡು ಅಂದ್ರಂತೆ."

"ಎಪ್ಪತ್ತನಾಲ್ಕು ವರ್ಷದ ಮಗಳು," ಎಂದ ಸೇಸಪ್ಪ.

ಚಂಪಾ ಅಳುತ್ತಲೇ ನಕ್ಕಳು. ಇನೂಕೈ ಸಾಹೇಬರು ಏನಾಯಿತೋ ಎಂದು ಅರ್ಧ ಎದ್ದು ನಿಂತಿದ್ದರು. ಅವರನ್ನು ಕೂರಿಸಿ, ಮಗಳ ಕೈಗೆ ಪೆನ್ನು ಕಾಗದ ಕೊಟ್ಟಳು.

"ಕೊಡಬಹುದು ಅಂತ ಬರೆ. ದಿನಾ ಕೈ ಹಾಕಲಿಕ್ಕೆ ಹೇಳು. ಮಗಳು ಅಂದ ಮೇಲೆ ಇನ್ನು ಅವರೂ ನಮ್ಮ ಬಳಿಯವರೇ ಅಂತ ಬರೆ."

ಅಕ್ಷಿತಾ ಬರೆಯುತ್ತ ಬರೆಯುತ್ತ ತಲೆಯೆತ್ತಿದಳು. "ನಮ್ಮ ಬಳಿಯ ಹೆಸರು ಎಂತ, ಅಮ್ಮ?"

ಇಷ್ಟು ವರ್ಷ ಆ ಪ್ರಶ್ನೆ ಬಂದಾಗಲೆಲ್ಲ ಚಂಪಾ ಪೆನ್ನು ಕೆಳಗಿಡುತ್ತಿದ್ದಳು. ಈಗ ಒಂದು ಗಳಿಗೆಯೂ ಯೋಚಿಸಬೇಕಾಗಲಿಲ್ಲ.

"ಅಕ್ಕು ಬಳಿ," ಎಂದಳು.

ಅಕ್ಷಿತಾ ಅದನ್ನು ದೊಡ್ಡ ಅಕ್ಷರಗಳಲ್ಲಿ ಬರೆದು, ಸರಿಯಾಯಿತೇ ನೋಡು ಎಂದು ಕಾಗದವನ್ನು ಅಮ್ಮನ ಕಡೆಗೆ ತಿರುಗಿಸಿದಳು.